ಹತ್ತನೆಯ ಪಾಲು

ದಶಮಾಂಶವೆಂಬ ಮಾತನ್ನು ಕೇಳಿದ ಕೂಡಲೆ ಹಿರೇಬೆಂಡಿಗೇರಿಯ ಹಿರಿಯರಿಗೆ ಕಣದ ರಾಶಿ ನೆನಪಿಗೆ ಬರುವದು. ಕಮ್ಮಾರನಿಗೂ ಬಡಿಗನಿಗೂ ಆಯವನ್ನು ಅಳೆದುಕೊಟ್ಟ ಮೇಲೆಯೇ ಕಾಳು ಮನೆಗೆ ಬರುತ್ತಿದ್ದ ಕಾಲವದು. ಕನ್ನಡ ನಾಡಿನ ಶಾಸನಗಳಲ್ಲಿಯೂ ದಶವಂದವೆಂಬ ಮಾತು ಉಂಟು. ಕೆರೆಯನ್ನು ಕಟ್ಟಿಸಿದವನಿಗಾಗಲಿ ದುರಸ್ತಿ ಮಾಡಿಸಿದವನಿಗಾಗಲಿ ಬಿಟ್ಟುಕೊಟ್ಟ ಪಾಲಿಗೆ ಆ ಹೆಸರು.

ಇಸ್ಪಾನ್ಯ ದೇಶದವರು ದಶಮಾಂಶಕ್ಕೆ ‘ದಿಯೆಸ್ಮೊ’ ಅನ್ನುವರು. ಹತ್ತನೆಯದು ಎಂಬರ್ಥದ ‘ದೆಕಿಮುಸ್’ ಎಂಬ ಲತೀನ ಶಬ್ದದಿಂದ ಅದು ಹುಟ್ಟಿತು; ನಮ್ಮ ‘ದಶ’ಕ್ಕೂ ಅದಕ್ಕೂ ಮೂಲ ಒಂದೇ. ಇಬ್ರಿಯದ ‘ಮಾಸೇರ್’ ಸಹ ಆ ಭಾಷೆಯ ಹತ್ತೆಂಬ ಮಾತಿನಿಂದಲೇ ಬಂದದ್ದು. ಆದರೆ ಇಸ್ಪಾನ್ಯರ ‘ದಿಯೆಸ್ಮಾರ್’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿರುವವು: ದಶಮಾಂಶ ಎತ್ತುವದು ಒಂದು, ಹತ್ತು ಮಂದಿಯಲ್ಲಿ ಒಬ್ಬನನ್ನು ಕೊಲ್ಲುವದು ಇನ್ನೊಂದು; ಯಾಕಂದರೆ ರೋಮಾಯರ ದಂಡಿನಲ್ಲಿ ತಿರುಗಿಬಿದ್ದ ಸಿಪಾಯಿಗಳಿಗೆ ಆ ಶಿಕ್ಷೆಯಿತ್ತು. ಕಾಣಿಕೆಗೂ ಕೊಲೆಗೂ ಒಂದೇ ಶಬ್ದ! ಬಡರೈತನ ಕಿವಿಗೆ ಅದು ಹೇಗೆ ಕೇಳಿಸಿತೋ ನೀವೇ ಯೋಚಿಸಿರಿ.

ಆ ದೇಶದಲ್ಲಿ ಈ ಪಾಲು ಕಾಣಿಕೆಯಾಗಿ ಉಳಿಯದೆ ಕಂದಾಯವಾಯಿತು. ಕಾಳು, ದ್ರಾಕ್ಷಾರಸ, ಕುರಿಮರಿ ಎಲ್ಲದರಲ್ಲಿಯೂ ಎತ್ತುತ್ತಿದ್ದರು. ಎತ್ತಿದ್ದರಲ್ಲಿ ಒಂಭತ್ತಕ್ಕೆ ಎರಡು ಪಾಲು ಅರಸನ ಬೊಕ್ಕಸಕ್ಕೆ ಸಲ್ಲುತ್ತಿತ್ತು. 1837ರಲ್ಲಿ ಅಲ್ಲಿಯ ಶಾಸನಸಭೆಯು ಅದನ್ನು ರದ್ದುಮಾಡಿತು. ಬಾಸೆಲ್ ಮಿಶನಿನವರು ಧಾರವಾಡದಲ್ಲಿ ಕೆಲಸವನ್ನು ಆರಂಭಿಸಿದ್ದೂ ಅದೇ ವರುಷ.

ಅಬ್ರಹಾಮನನ್ನು ಯಾರೂ ಬಲವಂತಮಾಡಲಿಲ್ಲ. ಯಾಕೋಬನು ಬೇತೇಲಿನಲ್ಲಿ ತಾನಾಗಿ ಹರಕೆ ಹೊತ್ತನು. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯವನ್ನು ಓದಿ ನೋಡಿರಿ: ಮೂರನೆಯ ವರುಷದ ದಶಮಾಂಶವು ಊರಿನಲ್ಲಿಯೇ ಉಳಿದು, ಲೇವಿಯನೂ ಪರದೇಶಿಯೂ ತಾಯಿತಂದೆಯಿಲ್ಲದವರೂ ವಿಧವೆಯರೂ ಉಂಡು ತೃಪ್ತರಾಗತಕ್ಕದ್ದು. ಪಾಲನ್ನು ಎತ್ತುವ ನಾವು ಈ ಭಾಗವನ್ನು ಬೇಗನೆ ಮರೆಯುತ್ತೇವೆ.

ಹಾಗಾದರೆ ಸಾಲದಲ್ಲಿ ಮುಳುಗಿದ ಕೂಲಿಯವನು ಏನು ಮಾಡಬೇಕು? ಸಾಲ ತೀರಿಸುವದೂ ದೇವರ ಮುಂದೆ ನ್ಯಾಯವೇ. ಅವನನ್ನು ಪಟ್ಟಿ ಹಿಡಿದು ನಾಚಿಸಬಾರದು. ಗೋವಿನಜೋಳ ಮಾರಿ ಹಣ ಎಣಿಸುವವನಾದರೋ ‘ನನಗೂ ಖರ್ಚುಂಟು’ ಎಂದು ಇದೇ ಮಾತಿನ ಹಿಂದೆ ಅಡಗದಿರಲಿ. ವಿಧವೆಯು ತಾನಾಗಿ ಎರಡು ಕಾಸು ತಂದರೆ ಬೇಡವೆನ್ನಲು ನಾವು ಯಾರು? ಆದರೆ ಸಭೆಯ ಹಿರಿಯರೇ, ಈ ಸುಗ್ಗಿಯಲ್ಲಿ ಚೀಲ ಹಿಡಿದು ಅವಳ ಬಾಗಿಲಿಗೆ ಹೋಗುವದಾದರೆ ಅದು ತುಂಬಿದ ಚೀಲವಾಗಿರಲಿ.