ತಿರುಗಿ ಬಂದವನು ಒಬ್ಬನೇ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಹರಕೆ ಹೊತ್ತು ಗುಡ್ಡ ಹತ್ತಿದ್ದೀರಿ. ಕೇಳಿದ್ದು ಸಿಕ್ಕಿತು, ಮೇಣದಬತ್ತಿ ಹಚ್ಚಿದೆವು, ಮುಗೀತು ಅಂತೀರೇನು? ಲೂಕನ ಶುಭಸಂದೇಶದ 17ನೇ ಅಧ್ಯಾಯ ಓದಿರಿ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದು ಯೇಸುಸ್ವಾಮಿಯ ಪಾದಕ್ಕೆ ಬಿದ್ದವನು ಒಬ್ಬನೇ, ಅವನೂ ಹೊರಗಿನವನೆನಿಸಿದ ಸಮಾರಿಯದವನು. (ನಾವು ಎಷ್ಟು ಸಲ ಆ ಒಂಬತ್ತರಲ್ಲಿದ್ದೇವೋ!) ಸ್ವಾಮಿ ಅವನನ್ನು ಪಾದದ ಹತ್ತಿರವೇ ಇರಿಸಿಕೊಳ್ಳಲಿಲ್ಲ, ಎದ್ದು ಹೋಗಲು ಹೇಳಿದರು.

ನವಿಲುತೀರ್ಥದ ಅಣೆಕಟ್ಟೆಯಲ್ಲಿ ಮಲಪ್ರಭೆಯನ್ನು ನಿಲ್ಲಿಸಿದ್ದು ಯಾತಕ್ಕೆ? ಹೊಲಗಳಿಗೆ ಬಿಡಲಿಕ್ಕೆ. ದೇವರ ಪ್ರೀತಿಯೂ ನಮ್ಮಲ್ಲೇ ನಿಲ್ಲಲಿಕ್ಕೆ ಬಂದದ್ದಲ್ಲ. ಬದುವಿನ ಜಗಳಕ್ಕೆ ಮಾತು ಬಿಟ್ಟ ಅಣ್ಣ ನಿಮ್ಮೂರಲ್ಲಿದ್ದಾನಲ್ಲ? ಇಲ್ಲಿ ಕೊಂಡ ಬೆಂಡು-ಬತ್ತಾಸು ಮೊದಲು ಅವನ ಮನೆಗೆ ಒಯ್ಯಿರಿ. ಬಾಗಿಲು ತೆರೆಯದಿದ್ದರೆ ಮರುದಿನ ಮತ್ತೆ ಹೋಗಿರಿ.