ಅಕ್ಕ ಕೊಟ್ಟ ಉತ್ತರ

ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಅನುಭವ ಮಂಟಪದಲ್ಲಿ ಮೊದಲು ಸಿಕ್ಕಿದ್ದು ಪ್ರಶ್ನೆಗಳ ಸುರಿಮಳೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಮುಲಾಜಿಲ್ಲದೆ ಕೇಳುತ್ತಾನೆ: ಉಡುಗೆ ತೊರೆದವಳಿಗೆ ಕೂದಲಿನ ಮರೆ ಏಕೆ? ಅಕ್ಕ ಸಿಡಿಮಿಡಿಗೊಳ್ಳುವುದಿಲ್ಲ, ಒಪ್ಪಿ ತಲೆಬಾಗುವುದೂ ಇಲ್ಲ. ಈ ಮರೆ ತನ್ನ ಲಜ್ಜೆಗಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲೆಂದು ಎನ್ನುತ್ತಾಳೆ. ಆ ಪ್ರಶ್ನೆ ಬರದಿದ್ದರೆ ಅವಳ ನಿಲುವಿನ ಈ ಮುಖ ಹೊರಗೆ ಬರುತ್ತಲೇ ಇರಲಿಲ್ಲ.

ಪತ್ರಿಕೆಗೆ ಸಂಶೋಧನಾ ಲೇಖನ ಕಳಿಸಿದವರಿಗೂ ತಿಂಗಳುಗಳ ನಂತರ ಇಂಥವೇ ಪ್ರಶ್ನೆಗಳು ಬರುತ್ತವೆ. ಅದನ್ನು ಪರಿಶೀಲಿಸಿದ ವಿಮರ್ಶಕರ ಒಂದೊಂದೇ ಮಾತನ್ನು ಎತ್ತಿ ಬರೆದು, ಅದರ ಕೆಳಗೆ ಎಲ್ಲಿ ತಿದ್ದಿದೆ, ಎಲ್ಲಿ ತಿದ್ದಿಲ್ಲ, ಏಕೆ ತಿದ್ದಿಲ್ಲ ಎಂದು ಉತ್ತರಿಸಬೇಕು. ತಾನು ಕಂಡ ಸತ್ಯಕ್ಕೆ ಕಾಣದವರ ಒಪ್ಪಿಗೆ ಏಕೆ ಬೇಕು ಎಂಬ ಹಳೆಯ ಪ್ರಶ್ನೆ ಆಗ ಯಾರನ್ನೂ ಬಿಡುವುದಿಲ್ಲ.

ಐನ್‌ಸ್ಟೈನ್ ಅವರನ್ನೂ ಬಿಡಲಿಲ್ಲ. ಗುರುತ್ವ ಅಲೆಗಳೇ ಇಲ್ಲವೆಂದು ಅವರು ನೇಥನ್ ರೋಸೆನ್ ಜೊತೆ ಬರೆದ ಲೇಖನ 1936ರಲ್ಲಿ 'ಫಿಸಿಕಲ್ ರಿವ್ಯೂ' ಪತ್ರಿಕೆಯಿಂದ ಆಕ್ಷೇಪಗಳೊಂದಿಗೆ ಮರಳಿತು. ಅಚ್ಚಾಗುವ ಮೊದಲೇ ಬೇರೆಯವರಿಗೆ ತೋರಿಸಿದ್ದಕ್ಕೆ ಕೆರಳಿದ ಅವರು ಅದನ್ನು ಹಿಂಪಡೆದರು. ಆದರೆ ಆ ವಿಮರ್ಶಕ, ಎಚ್. ಪಿ. ರಾಬರ್ಟ್‌ಸನ್, ಹೇಳಿದ್ದು ಸರಿಯಾಗಿತ್ತು. 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಲೇಖನ ಬಂದಾಗ ಅದರ ತೀರ್ಮಾನವೇ ಬದಲಾಗಿತ್ತು. ಆ ಅಲೆಗಳು 2015ರಲ್ಲಿ ಉಪಕರಣಕ್ಕೇ ಸಿಕ್ಕವು.

ಇಂಥ ಪ್ರಶ್ನೆ ಮನೆಯೊಳಗಿನಿಂದಲೂ ಬರಬಹುದು. ಹುಮನಾಬಾದ್ ತಾಲ್ಲೂಕಿನ ಮೊಳಕೇರಾದ ಜನ ಮೋಳಿಗೆಯ ಮಾರಯ್ಯನನ್ನು ತಮ್ಮೂರಿನವನೆಂದೇ ಕಾಣುತ್ತಾರೆ. ಕಟ್ಟಿಗೆ ಮಾರಿ ದಾಸೋಹ ನಡೆಸಿದ ಶರಣ. ಲಿಂಗದಲ್ಲಿ ಐಕ್ಯವಾಗಬೇಕೆಂಬ ಅವನ ಹಂಬಲವನ್ನೇ ಹೆಂಡತಿ ಮಹಾದೇವಿ ತಡೆದು ಪ್ರಶ್ನಿಸುತ್ತಾಳೆ. ಅವಳ ಮಾತಿಗೆ ಅವನು ಕಿವಿಗೊಡುತ್ತಾನೆ. ಮನೆಯೊಳಗಿನ ಈ ವಿಮರ್ಶೆ ಮಂಟಪದ್ದಕ್ಕಿಂತ ಕಡಿಮೆ ತೂಕದ್ದಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಅಲ್ಲಮ ಎದುರಿಗೆ ಕೂತು, ತನ್ನ ಹೆಸರಿನಲ್ಲೇ ಕೇಳಿದ. ಇಂದಿನ ವಿಮರ್ಶಕ ಹೆಚ್ಚಾಗಿ ಅನಾಮಧೇಯ. ಕಿರಿಯ ಸಂಶೋಧಕ ಹಿರಿಯರ ತಪ್ಪು ತೋರಿಸಲು ಅದು ರಕ್ಷಣೆ, ನಿಜ. ಒರಟುತನಕ್ಕೂ ಅದೇ ಮರೆ. ಹಾಗೆಂದು ಒರಟಾಗಿ ಬಂದ ಆಕ್ಷೇಪವೆಲ್ಲ ಸುಳ್ಳಾಗುವುದಿಲ್ಲ. ಕೇಳಿದ ದನಿಯನ್ನು ಬದಿಗಿಟ್ಟು ಕೇಳಿದ ವಿಷಯಕ್ಕೆ ಉತ್ತರಿಸುವುದು ಕಷ್ಟದ ಸಾಧನೆ. ಅಕ್ಕ ಮಾಡಿದ್ದು ಅದನ್ನೇ.

ಹಾಗೆ ನೋಡಿದರೆ ಶೂನ್ಯಸಂಪಾದನೆ ಅನುಭವ ಮಂಟಪದ ಸಭೆಯ ವರದಿಯಲ್ಲ. ಸುಮಾರು ಎರಡೂವರೆ ಶತಮಾನಗಳ ನಂತರ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂವಾದವಾಗಿ ಹೆಣೆದ ಕೃತಿ ಅದು. ತಮ್ಮ ಧರ್ಮದ ಸಾರವನ್ನು ಆಕ್ಷೇಪ, ಉತ್ತರಗಳ ರೂಪದಲ್ಲೇ ಉಳಿಸಬೇಕೆಂದು ಅವನಿಗೆ ತೋಚಿದ್ದು ದೊಡ್ಡ ಮಾತು. ಆ ಕೃತಿಯೂ ತಿದ್ದುಪಡಿಯಿಂದ ಹೊರತಾಗಲಿಲ್ಲ. ಶರಣ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗ ಅದರಲ್ಲಿರಲಿಲ್ಲ. ಮುಂದೆ ಪರಿಷ್ಕರಿಸಿದವರ ಕೈಯಲ್ಲಿ ಆ ಪ್ರಸಂಗ ಕೃತಿಯೊಳಗೆ ಸೇರಿತು. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು.