ಮತ: ಸಾಕ್ಷಿಯೋ, ಸಾಧನವೋ?

ಮನಸ್ಸು ಪೂರ್ಣವಾಗಿ ಒಪ್ಪಿದ, ಆದರೆ ಗೆಲ್ಲಲಾರದ ಅಭ್ಯರ್ಥಿಗೆ ಮತ ನೀಡುವುದು ಸತ್ಯನಿಷ್ಠೆಯೇ, ಹೊಣೆಗೇಡಿತನವೇ? ಅರೆಮನಸ್ಸಿನಿಂದ ಒಪ್ಪಿದ, ಆದರೆ ಗೆಲ್ಲಬಲ್ಲ ಅಭ್ಯರ್ಥಿಗೆ ನೀಡುವುದು ವಿವೇಕವೇ, ರಾಜಿಯೇ? ಅಮೆರಿಕದಲ್ಲಿ ಬಂದೂಕು ಹೊಂದಿರುವ ಮತದಾರರು ದಶಕಗಳಿಂದ ಈ ಪ್ರಶ್ನೆಯೊಡನೆ ಸೆಣಸುತ್ತಿದ್ದಾರೆ. ಅವರ ಇಕ್ಕಟ್ಟಿನಲ್ಲಿ ನಮಗೂ ಒಂದು ಪಾಠವಿದೆ.

ಆಯುಧ ಹೊಂದುವ ಹಕ್ಕಿಗೆ ಅಮೆರಿಕದ ಸಂವಿಧಾನದಲ್ಲಿ 1791ರಿಂದಲೂ ರಕ್ಷಣೆಯಿದೆ. ಆ ಹಕ್ಕನ್ನೇ ಮುಖ್ಯವೆಂದು ಎಣಿಸುವವರಲ್ಲಿ ಹೆಚ್ಚಿನವರು ರಿಪಬ್ಲಿಕನ್ ಪಕ್ಷದ ಕಡೆಗೆ ಒಲಿದವರು. ಆದರೆ ಆ ಪಕ್ಷವೂ ಅವರನ್ನು ನಿರಾಶೆಗೊಳಿಸಿದ್ದುಂಟು. 1989ರಲ್ಲಿ ಅದೇ ಪಕ್ಷದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಕೆಲವು ಬಗೆಯ ರೈಫಲುಗಳ ಆಮದನ್ನು ನಿಷೇಧಿಸಿದರು. 1992ರ ಚುನಾವಣೆಯಲ್ಲಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅವರಿಗೆ ಬೆಂಬಲ ಘೋಷಿಸಲಿಲ್ಲ. ಬುಷ್ ಸೋತರು. ಗೆದ್ದ ಬಿಲ್ ಕ್ಲಿಂಟನ್ 1994ರಲ್ಲಿ, ಸೈನಿಕ ಮಾದರಿಯ ಹಲವು ಬಂದೂಕುಗಳನ್ನು ಹತ್ತು ವರ್ಷಗಳ ಕಾಲ ನಿರ್ಬಂಧಿಸುವ ಕಾನೂನಿಗೆ ಸಹಿ ಹಾಕಿದರು.

ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಒಂದು ಗುಂಪು, ‘ನಮ್ಮವರಿಗೆ ಪಾಠ ಕಲಿಸಲು ಹೋಗಿ ನಾವೇ ದಂಡ ತೆತ್ತೆವು’ ಎನ್ನುತ್ತದೆ. ಇನ್ನೊಂದು ಗುಂಪು, ‘ಹೇಗಿದ್ದರೂ ಮತ ತಮಗೇ ಎಂದು ಖಚಿತವಾದ ಮೇಲೆ ಪಕ್ಷ ನಮ್ಮ ಮಾತಿಗೇಕೆ ಕಿವಿಗೊಟ್ಟೀತು?’ ಎಂದು ಮರುಪ್ರಶ್ನಿಸುತ್ತದೆ. ಇವರಲ್ಲಿ ಕೆಲವರಿಗೆ 1971ರಲ್ಲಿ ಹುಟ್ಟಿದ ಲಿಬರ್ಟೇರಿಯನ್ ಎಂಬ ಮೂರನೆಯ ಪಕ್ಷವೇ ಆಸರೆ.

2002ರಲ್ಲಿ ಸೌತ್ ಡಕೋಟ ರಾಜ್ಯದ ಸೆನೆಟ್ ಸ್ಥಾನವನ್ನು ರಿಪಬ್ಲಿಕನ್ ಅಭ್ಯರ್ಥಿ ಜಾನ್ ಥೂನ್ ಕೇವಲ 524 ಮತಗಳಿಂದ ಕಳೆದುಕೊಂಡರು. ಲಿಬರ್ಟೇರಿಯನ್ ಅಭ್ಯರ್ಥಿಯು ಕಣದಿಂದ ಹಿಂದೆ ಸರಿದು ಥೂನ್ ಅವರಿಗೇ ಬೆಂಬಲ ಸೂಚಿಸಿದ್ದರು. ಆದರೂ ಮತಪತ್ರದಲ್ಲಿ ಉಳಿದಿದ್ದ ಅವರ ಹೆಸರಿಗೆ ಮೂರು ಸಾವಿರಕ್ಕೂ ಹೆಚ್ಚು ಮತಗಳು ಬಿದ್ದವು. ಆ ಮತಗಳೆಲ್ಲ ಥೂನ್ ಅವರಿಗೇ ಸಲ್ಲುತ್ತಿದ್ದವೆಂದು ಹೇಳಲಾಗದು. ಹಲವರು ಮನೆಯಲ್ಲೇ ಉಳಿಯುತ್ತಿದ್ದರೇನೋ. ಆದರೆ ಅಲ್ಪಸಂಖ್ಯೆಯ ಮತಗಳಿಗೆ ಎಷ್ಟು ಭಾರವಿದೆಯೆಂಬುದು ಸ್ಪಷ್ಟ.

ಈ ಇಕ್ಕಟ್ಟಿಗೆ ಎಣಿಕೆಯ ಕ್ರಮವೂ ಕಾರಣ. ಒಬ್ಬರಿಗೆ ಒಂದೇ ಗುರುತು, ಹೆಚ್ಚು ಮತ ಪಡೆದವರೇ ವಿಜಯಿ ಎಂಬ ಪದ್ಧತಿ ಜನರನ್ನು ಎರಡು ದೊಡ್ಡ ಪಕ್ಷಗಳತ್ತ ತಳ್ಳುತ್ತದೆಂದು ಫ್ರೆಂಚ್ ವಿದ್ವಾಂಸ ಮಾರಿಸ್ ದ್ಯುವೆರ್ಜೆ ವಿವರಿಸಿದ್ದರು. ನಮ್ಮ ಲೋಕಸಭೆ, ವಿಧಾನಸಭೆಗಳ ಚುನಾವಣೆಯೂ ಇದೇ ಕ್ರಮದ್ದು. ಅಮೆರಿಕದ ಮೇಯ್ನ್ ರಾಜ್ಯ 2018ರಿಂದ ಹಲವು ಚುನಾವಣೆಗಳಲ್ಲಿ ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸಲು ಅವಕಾಶ ನೀಡಿದೆ. ಅಲ್ಲಿ ಮೊದಲ ಆಯ್ಕೆ ಸೋತರೆ ಮತವು ಎರಡನೆಯವರಿಗೆ ಸಲ್ಲುತ್ತದೆ.

ಪದ್ಧತಿ ಬದಲಾಗುವವರೆಗೆ ಮತದಾರನು ಏನು ಮಾಡಬೇಕು? ಮೊದಲನೆಯದಾಗಿ, ಮತವು ಯಾವ ಪಕ್ಷದ ಆಸ್ತಿಯೂ ಅಲ್ಲ. ಮೂರನೆಯವರಿಗೆ ಮತವಿತ್ತವನನ್ನು ಕಳ್ಳನಂತೆ ಕಾಣುವುದು ಅನ್ಯಾಯ. ಎರಡನೆಯದಾಗಿ, ‘ನನ್ನ ಕೈ ಶುದ್ಧ’ ಎಂಬ ಸಮಾಧಾನವೂ ಸಾಲದು. ಮುಂಗಾಣಬಹುದಾದ ಪರಿಣಾಮಕ್ಕೆ ನಾವೂ ಒಂದಿಷ್ಟು ಬಾಧ್ಯರೇ. ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ಸದ್ಗುಣವೆಂದೂ ಕುಯುಕ್ತಿಯನ್ನು ಅದಕ್ಕೆ ವಿರುದ್ಧವಾದ ದೋಷವೆಂದೂ ಬೋಧಿಸಿದರು. ಆಗಬಹುದಾದ ಕೇಡನ್ನು ತಗ್ಗಿಸಲು ಅಪೂರ್ಣನಾದವನನ್ನು ಆರಿಸುವುದು ವಿವೇಕವಾಗಬಹುದು. ಅವನ ತಪ್ಪನ್ನು ಸರಿಯೆಂದು ಸಾರತೊಡಗಿದರೆ ಮಾತ್ರ ನಾವು ಸತ್ಯವನ್ನೇ ಕೈಬಿಟ್ಟಂತೆ.

ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ನನ್ನ ಹಕ್ಕನ್ನು ಯಾರು ಕಾಯುವರು ಎಂದು ಲೆಕ್ಕ ಹಾಕುವಾಗ, ಗುಂಡಿಗೆ ಮಗುವನ್ನು ಕಳೆದುಕೊಂಡ ನೆರೆಯ ತಾಯಿ ನನ್ನ ಲೆಕ್ಕದಲ್ಲಿ ಇದ್ದಾಳೆಯೇ? ಬಂದೂಕಿನ ಜಾಗದಲ್ಲಿ ನಮ್ಮ ನಮ್ಮ ಜಾತಿ, ಭಾಷೆ, ಸಮುದಾಯದ ಹಿತಗಳನ್ನಿಟ್ಟು ನೋಡೋಣ. ನೆರೆಯವರನ್ನು ಹೊರಗಿಟ್ಟ ಲೆಕ್ಕ ಎಷ್ಟೇ ಜಾಣತನದ್ದಾದರೂ, ಎಷ್ಟೇ ನಿಷ್ಠೆಯದ್ದಾದರೂ, ಅಂತಃಸಾಕ್ಷಿಯ ಮುಂದೆ ತಾಳೆಯಾಗದು.